ಪಟ್ಟಿಯಲ್ಲಿಲ್ಲದ ನಾಲ್ಕು ವಚನಗಳು

ಚರ್ಚಿನ ಹಳೆಯ ಬೈಬಲ್ ರಿಪೇರಿಗೆ ಬಂದರೆ ಅಂಟಣ್ಣ ಮೊದಲು ನೋಡುವುದು ಕಿತ್ತುಹೋದ ರಟ್ಟನ್ನಲ್ಲ, ಪುಟಗಳ ಕೆಳಮೂಲೆಯನ್ನು. ಭಾನುವಾರಗಳಲ್ಲಿ ಓದುವ ಪುಟದ ಮೂಲೆ ಬೆರಳಿನ ಜಿಡ್ಡಿಗೆ ಕಪ್ಪಾಗಿರುತ್ತದೆ. ಯಾರೂ ಓದದ ಪುಟ ನಿನ್ನೆ ತಾನೇ ಅಚ್ಚಾಗಿ ಬಂದಂತೆ ಬೆಳ್ಳಗಿರುತ್ತದೆ. ಮೂವತ್ತು ವರ್ಷ ಬೈಂಡಿಂಗ್ ಮಾಡಿ, ಉಗುರಿನ ಸಂದಿಯಲ್ಲಿ ಸದಾ ಅಂಟು ಮೆತ್ತಿಕೊಂಡೇ ಇದ್ದು ಆ ಹೆಸರು ಗಳಿಸಿದವನು ಅವನು. ಒಂದು ಸಭೆ ದೇವರ ಯಾವ ಮಾತು ಕೇಳಿದೆ, ಯಾವುದಕ್ಕೆ ಕಿವುಡಾಗಿದೆ ಎಂದು ಪುಸ್ತಕ ಮಗುಚಿ ಹೇಳಬಲ್ಲ.

ಬುಧವಾರ ಅವನ ಕೈಗೆ, ಚರ್ಚಿನಲ್ಲಿ ಆ ವಾರ ಓದಬೇಕಾದ ಬೈಬಲ್ ಭಾಗಗಳ ಪಾಠಪಟ್ಟಿ ಬಂತು. ಭಾನುವಾರ ಬೈಬಲಿನ ಕೀರ್ತನೆಯೊಂದನ್ನು ಓದುವ ಪಾಳಿ ಅವನದು. ಒಂದರಿಂದ ಹದಿನೆಂಟನೆಯ ವಚನ, ಒಂದು ಅಲ್ಪವಿರಾಮ, ಆಮೇಲೆ ಇಪ್ಪತ್ತಮೂರು ಮತ್ತು ಇಪ್ಪತ್ತನಾಲ್ಕು. ನಡುವಿನ ನಾಲ್ಕು ಇಲ್ಲ. ಕಸುಬಿನ ಚಾಳಿಯಿಂದ ಅವನು ಬೈಬಲ್ ತೆರೆದು ನೋಡಿದ. ದೇವರ ಕಣ್ಣು ತಪ್ಪಿಸಿ ಎಲ್ಲಿಗೂ ಹೋಗಲಾರೆ ಎಂದು ನಯವಾಗಿ ಹಾಡುತ್ತಿದ್ದ ಕವಿ, ಅಲ್ಲಿ ಇದ್ದಕ್ಕಿದ್ದಂತೆ ದುಷ್ಟರನ್ನು ಮುಗಿಸಿಬಿಡು ಎಂದು ಕೇಳುತ್ತಾನೆ. ಅವರನ್ನು ಮನಸಾರೆ ದ್ವೇಷಿಸುತ್ತೇನೆ ಎನ್ನುತ್ತಾನೆ. ಆ ಪುಟದ ಮೂಲೆ ಕಪ್ಪಾಗಿತ್ತು. ಆದರೆ ಆ ನಾಲ್ಕು ವಚನಗಳನ್ನು ಪೀಠದಿಂದ ಓದಿದ್ದು ಅವನಿಗೆ ನೆನಪಿರಲಿಲ್ಲ.

ಅಲ್ಲಿಂದ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಹೊಲಿಗೆ ಹಾಕುತ್ತಿದ್ದ ದಬ್ಬಣ ಎರಡು ಸಲ ಬೆರಳಿಗೆ ಹೊಕ್ಕಿತು. ಲೈಬ್ರರಿಯ ದಪ್ಪ ಪುಸ್ತಕವೊಂದಕ್ಕೆ ರಟ್ಟನ್ನು ತಲೆಕೆಳಗಾಗಿ ಅಂಟಿಸಿ, ಬಿಸಿನೀರು ಹಾಕಿ ಬಿಡಿಸಿದ.

ಕಾರಣ ಚರ್ಚಿನ ಮೂರನೆಯ ಬೆಂಚಿನಲ್ಲಿ ಕೂರುತ್ತಿತ್ತು. ಅವನ ಅಣ್ಣ, ನಿವೃತ್ತ ಹೆಡ್‌ಮಾಸ್ಟರ್. ಆರು ವರ್ಷದ ಹಿಂದೆ ಅಮ್ಮ ತೀರಿಕೊಂಡಾಗ ಅಂಟಣ್ಣ ಒಂದು ದಿನದ ದಾರಿಯ ಊರಿನಲ್ಲಿ ಕೋರ್ಟಿನ ಹಳೆಯ ಕಡತಗಳಿಗೆ ಬೈಂಡು ಹಾಕುತ್ತಿದ್ದ. ಸುದ್ದಿ ತಿಳಿದು ಬಸ್ಸು ಹಿಡಿದು ಬಂದಾಗ ಮಣ್ಣು ಮುಚ್ಚಿ ಆಗಿತ್ತು. ಹೆಣವನ್ನು ಒಂದು ದಿನವೂ ಇಡುವಂತಿಲ್ಲ ಎಂದು ಡಾಕ್ಟರು ಹೇಳಿದರು ಎಂಬುದು ಅಣ್ಣನ ಸಮಜಾಯಿಷಿ. ಅಂದಿನಿಂದ ಅಣ್ಣತಮ್ಮಂದಿರ ನಡುವೆ ಮಾತಿಲ್ಲ. ಒಂದೇ ಸೂರಿನಡಿ ಒಂದೇ ಹಾಡು ಹಾಡಿ, ಬೇರೆ ಬೇರೆ ಬಾಗಿಲಿನಿಂದ ಹೊರಗೆ ಹೋಗುತ್ತಿದ್ದರು.

“ರೀ, ಓದೋದಾದ್ರೆ ಓದಿ, ಬಿಡೋದಾದ್ರೆ ಬಿಡಿ,” ಎಂದಳು ಹೆಂಡತಿ ಶುಕ್ರವಾರ. “ನೀವು ಹೀಗೇ ತಿರುಗ್ತಾ ಇದ್ರೆ ಈ ನೆಲಕ್ಕೂ ನೀವೇ ಬೈಂಡು ಹಾಕ್ಬೇಕಾಗತ್ತೆ.”

ಶನಿವಾರ ಅವನು ಪಾದ್ರಿಯ ಮನೆಗೆ ಹೋದ. ಪಾದ್ರಿ ಹರೆಯದವರು, ಬಟ್ಟೆ ಒಣಹಾಕುತ್ತಿದ್ದರು.

“ಅಯ್ಯನವರೇ, ಈ ನಾಲ್ಕು ವಚನ ಕಿತ್ತಿದ್ದು ಯಾರು?”

“ಸತ್ಯವಾಗ್ಲೂ ನಾನಲ್ಲ,” ಎಂದು ಪಾದ್ರಿ ಬಕೆಟ್ಟು ಕೆಳಗಿಟ್ಟರು. “ಮೊದಮೊದಲು ಪಟ್ಟಿನೇ ಇರ್ಲಿಲ್ಲ ಅಂಟಣ್ಣ. ಹೊತ್ತಿದ್ದಷ್ಟು ಓದೋರು. ಎಷ್ಟೋ ಕಡೆ ಈ ವಾರ ನಿಲ್ಸಿದಲ್ಲಿಂದ ಮುಂದಿನ ವಾರ ಶುರು. ಆಮೇಲೆ ಹಬ್ಬಕ್ಕೊಂದು ಭಾಗ ಅಂತಾಯ್ತು. ಎಲ್ಲಿ ಶುರು, ಎಲ್ಲಿ ಮುಗೀತು ಅಂತ ಅಂಚಲ್ಲಿ ಗುರುತು ಹಾಕಿದ್ರು. ಗುರುತು ಪಟ್ಟಿ ಆಯ್ತು, ಪಟ್ಟಿ ಪುಸ್ತಕ ಆಯ್ತು. ಕೆಲವರಿಗೆ ವರ್ಷಾ ವರ್ಷಾ ಅದೇ ಪಾಠ, ನಮ್ಮಂಥವರಿಗೆ ಮೂರು ವರ್ಷಕ್ಕೊಂದು ಸುತ್ತು. ಪಟ್ಟಿನೇ ಬೇಡ, ಪಾದ್ರಿ ತೆಗೆದಿದ್ದೇ ಪುಟ ಅನ್ನೋ ಸಭೆಗಳೂ ಇವೆ.”

“ಕೀರ್ತನೆ?”

“ಹಳೇ ಮಠಗಳಲ್ಲಿ ಸನ್ಯಾಸಿಗಳು ವಾರಕ್ಕೆ ನೂರೈವತ್ತು ಕೀರ್ತನೇನೂ ಹಾಡಿ ಮುಗಿಸ್ತಿದ್ರು. ಶಾಪಗೀಪ ಎಲ್ಲಾ ಸೇರಿಸಿ.”

“ಅವ್ರಿಗೂ ಅಣ್ಣಂದಿರಿದ್ರು ಅನ್ಸತ್ತೆ.”

ಪಾದ್ರಿಗೆ ನಗು ತಡೆಯಲಾಗಲಿಲ್ಲ. “ಈಚಿನ ಸಮಿತಿಗಳು, ಆರಾಧನೇಲಿ ದ್ವೇಷದ ಮಾತು ಯಾಕೆ ಅಂತ ಅಲ್ಲಲ್ಲಿ ಕತ್ತರಿ ಹಾಕಿದ್ವು. ಓದಬಾರದು ಅಂತೇನೂ ಇಲ್ಲ. ಆದ್ರೆ ಯಾರಿಗೆ ಕೇಳ್ಸೋಕೆ ಓದ್ತೀರಿ ಅಂತ ನನಗೂ ಗೊತ್ತು, ನಿಮಗೂ ಗೊತ್ತು.”

ಭಾನುವಾರ ಪೀಠದ ಮುಂದೆ ನಿಂತಾಗಲೂ ಅವನು ತೀರ್ಮಾನ ಮಾಡಿರಲಿಲ್ಲ. ಹದಿನೆಂಟನೆಯ ವಚನ ಮುಗಿಯಿತು. ಬೆರಳು ಕೆಳಕ್ಕೆ ಜಿಗಿಯಬೇಕಿತ್ತು, ಜಿಗಿಯಲಿಲ್ಲ. ನಾಲ್ಕು ವಚನಗಳನ್ನೂ ಒಂದೊಂದು ಪದ ಬಿಡಿಸಿ, ಮೂರನೆಯ ಬೆಂಚಿನ ಕಡೆ ಮುಖ ಮಾಡಿ ಓದಿದ. ಹೆಡ್‌ಮಾಸ್ಟರು ಎಂದಿನಂತೆ ಪಟ್ಟಿ ಹಿಡಿದು ತಾಳೆ ನೋಡುತ್ತಿದ್ದವರು ತಲೆ ಎತ್ತಿದರು.

ಆದರೆ ಓದು ಅಲ್ಲಿಗೆ ಮುಗಿಯುವಂತಿರಲಿಲ್ಲ. ದ್ವೇಷದ ಬೆನ್ನಿಗೇ ಮುಂದಿನ ವಚನ ಹೊಲಿದುಕೊಂಡಿತ್ತು: ನನ್ನ ಹೃದಯ ಶೋಧಿಸು, ನನ್ನಲ್ಲಿ ಕೇಡಿನ ದಾರಿ ಇದೆಯೇ ನೋಡು. ಎಷ್ಟೋ ವರ್ಷ ಅದನ್ನು ಬಾಗಿಲಲ್ಲಿ ನಿಂತು ಹೇಳುವ ಉಪಚಾರದ ಮಾತಿನಂತೆ ಓದಿದ್ದ. ಈಗ ಬಾಯಲ್ಲಿ ಕಹಿ ಆರುವ ಮೊದಲೇ ಓದಬೇಕಾಯಿತು. ಕೊನೆಯ ಸಾಲನ್ನು ತನಗೇ ತಿಳಿಯದೆ ಎರಡು ಸಲ ಓದಿ, ತಲೆ ಎತ್ತದೆ ಕೆಳಗಿಳಿದ.

ಆರಾಧನೆ ಮುಗಿದ ಮೇಲೆ ಹೆಡ್‌ಮಾಸ್ಟರು ತಮ್ಮ ಬಾಗಿಲು ಬಿಟ್ಟು ಇವನ ಬಾಗಿಲಿಗೆ ಬಂದರು.

“ನಾಲ್ಕು ವಚನ ಪಟ್ಟೀಲಿರ್ಲಿಲ್ಲ.”

“ಪುಸ್ತಕದಲ್ಲಿತ್ತು.”

“ನನಗೆ ತಾನೇ ಓದಿದ್ದು?”

“ನಿನಗೇ ಅಂತ ಶುರು ಮಾಡ್ದೆ ಅಣ್ಣ. ಆಮೇಲೆ ಅದು ನನ್ನ ಕಡೆಗೇ ತಿರುಗ್ತು.”

ಹೆಡ್‌ಮಾಸ್ಟರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಳ್ಳಲಿಲ್ಲ. “ಡಾಕ್ಟ್ರು ಹಾಗೇನೂ ಹೇಳಿರ್ಲಿಲ್ಲ ಕಣೋ. ಒಂದು ದಿನ ಇಡಬಹುದಿತ್ತು. ಅಮ್ಮ ಒಂದು ವಾರದಿಂದ ನಿನ್ನ ಕೇಳ್ತಿದ್ಲು. ಹುಷಾರಾಗ್ತಾಳೆ, ಇವತ್ತು ಬೇಡ, ನಾಳೆ ಹೇಳಿ ಕಳಿಸೋಣ ಅಂತ ನಾನೇ ದಿನ ತಳ್ಳಿದೆ. ಅವಳು ಹೋದ್ಮೇಲೆ ನಿನ್ನ ಮುಖ ನೋಡೋ ಧೈರ್ಯ ಆಗ್ಲಿಲ್ಲ. ಬೇಗ ಮುಗಿಸ್ಬಿಟ್ಟೆ.”

ಆರು ವರ್ಷ ಅಂಟಣ್ಣ ದ್ವೇಷಿಸಿದ್ದು ಅಣ್ಣನ ಅವಸರವನ್ನು. ಈ ತಪ್ಪು ಅದಕ್ಕಿಂತ ದೊಡ್ಡದು. ಆದರೆ ಬಾಯಿಗೆ ಬಂದದ್ದು ಬೈಗುಳವಲ್ಲ.

“ಏನಂತ ಕೇಳ್ತಿದ್ಲು?”

“ಬಸ್ಸು ಹತ್ತಿದ್ನಾ ಅಂತ. ದಿನಾ ಅದೇ. ಹತ್ತಿದಾನೆ, ಬರ್ತಾ ಇದಾನೆ ಅಂತ ನಾನು ಹೇಳ್ತಿದ್ದೆ.”

ಅಂಗಳ ಖಾಲಿಯಾಗುತ್ತಿತ್ತು. ಹೆಂಡತಿ ಗೇಟಿನ ಬಳಿ ನಿಂತು ಇತ್ತ ನೋಡಿದಳು, ಕರೆಯಲಿಲ್ಲ. ಅಂಟಣ್ಣ ಗೋಡೆಗೆ ಒಂದು ಕೈ ಕೊಟ್ಟು ನಿಂತ.

“ಇನ್ನೇನು ಹೇಳಿದ್ಲು?” ಎಂದ. “ಒಂದೂ ಬಿಡದೆ ಹೇಳು.”