ಪರಮಾಣುವಿನ ನಡುವೆ ಕುಂಕುಮ

ವಿಜ್ಞಾನದ ಉಪನ್ಯಾಸವೆಂದರೆ ಪಾರದರ್ಶಕ ಹಾಳೆಯ ಮೂಲೆಯಲ್ಲೊಂದು ಪರಮಾಣು ಇರಲೇಬೇಕೆಂಬ ಶಾಸ್ತ್ರವನ್ನು ಯಾವ ಮಹಾನುಭಾವರು ವಿಧಿಸಿದರೋ ನಾನರಿಯೆ. ವಿಷಯ ಹಾಲು ಒಡೆಯುವುದಿರಲಿ, ಬೆಳ್ಳಿ ಕಪ್ಪಾಗುವುದಿರಲಿ, ಮದುವೆಯ ಕರೆಯೋಲೆಗೆ ಗಣಪತಿಯಿದ್ದಂತೆ ಮೂರು ಓರೆ ಉಂಗುರಗಳೂ ನಡುವೆ ಒಂದು ಉಂಡೆಯೂ ಅಲ್ಲಿ ಹಾಜರು. ಅವನ್ನು ಬರೆದೂ ಬರೆದೂ ನನ್ನ ಕೈ ಸೋತಿದೆ, ಓದುಗ ಮಿತ್ರರೇ. ಮನಸ್ಸು ಅದಕ್ಕೂ ಮೊದಲೇ ಸೋತಿತ್ತು.

ಆರು ವರ್ಷ ತಾತ್ಕಾಲಿಕ ಅಧ್ಯಾಪಕನಾಗಿ ರಸಾಯನಶಾಸ್ತ್ರ ಬೋಧಿಸಿ ದಣಿದಿದ್ದ ನನಗೆ ಕಳೆದ ವರ್ಷ ಒಂದು ಕಾಲೇಜಿನ ಖಾಯಂ ಹುದ್ದೆಗೆ ಸಂದರ್ಶನದ ಕರೆ ಬಂತು. ಹೊಸದಾಗಿ ತರಿಸಿದ್ದ, ಹಾಳೆಯ ಚಿತ್ರವನ್ನು ದೀಪದಿಂದ ತೆರೆಯ ಮೇಲೆ ಮೂಡಿಸುವ ಓವರ್‌ಹೆಡ್ ಪ್ರೊಜೆಕ್ಟರ್ ಬಳಸಿ ಆಯ್ಕೆ ಸಮಿತಿಗೆ ಇಪ್ಪತ್ತು ನಿಮಿಷ ಪಾಠ ಮಾಡಬೇಕಿತ್ತು. ನಾನು ಆರಿಸಿಕೊಂಡದ್ದು ಹೊಸಹಳ್ಳಿಯ ಬಾವಿಗಳ ಗಡಸು ನೀರು. ಸೋಪು ನೊರೆಯಾಗದ, ಬೇಳೆ ಬೇಯದ ಆ ನೀರಿನ ಮಹಿಮೆಯನ್ನು ವಿವರಿಸಲು ಒಂದು ಕೊಡದ ಚಿತ್ರ ಸಾಕಿತ್ತು. ಆದರೆ ಗೋವಿಂದರಾಜನಗರದ ನಮ್ಮ ಬಾಡಿಗೆ ಮನೆಯಲ್ಲಿ ಭಾನುವಾರವಿಡೀ ಕುಳಿತು ಹನ್ನೆರಡು ಹಾಳೆಗಳ ಮೂಲೆಗೆ ಹನ್ನೆರಡು ಪರಮಾಣು ಬಿಡಿಸಿದೆ. ಬಾವಿಗೆ ಉಳಿದದ್ದು ಅರ್ಧ ಗಂಟೆ.

ನಮ್ಮ ಮನೆಯಲ್ಲಿ ಸೈಕಲ್ಲಾಗಲಿ ಸೀಮೆಎಣ್ಣೆ ಸ್ಟೋವಾಗಲಿ ಕುಂಕುಮವಿಲ್ಲದೆ ಬಳಕೆಗೆ ಬಂದದ್ದಿಲ್ಲ. ಹೊರಡುವ ಹೊತ್ತಿಗೆ ಅಮ್ಮ ಮೊದಲ ಹಾಳೆಯ ಪರಮಾಣುವಿನ ನಡುವೆ, ನಾನು ಬಣ್ಣ ತುಂಬದೆ ಬಿಟ್ಟಿದ್ದ ಉಂಡೆಯೊಳಗೆ ಸರಿಯಾಗಿ ಬೊಟ್ಟಿಟ್ಟಳು.

"ಜಾಗ ಬಿಟ್ಟಿದ್ದೀಯಲ್ಲೋ, ಇದಕ್ಕೇ ಅಂದ್ಕೊಂಡೆ."

ಕೆಂಪು ಬಣ್ಣ ತೆರೆಯ ಮೇಲೆ ಶೋಭಿಸೀತೆಂದು ನಾನೂ ಸುಮ್ಮನಾದೆ. ಕುಂಕುಮದ ಮೂಲಕ ಬೆಳಕು ಹಾಯುವುದಿಲ್ಲವೆಂಬ ಸರಳ ಸತ್ಯ ವಿಜ್ಞಾನದ ಮೇಷ್ಟರಿಗೆ ಹೊಳೆದದ್ದು ದೀಪ ಹತ್ತಿದ ಮೇಲೆ: ತೆರೆಯ ಮೇಲೆ ಹಲಸಿನಕಾಯಿ ಗಾತ್ರದ ಕಪ್ಪು ಮಚ್ಚೆ!

"ಏನ್ರೀ ಅದು ಕಪ್ಪಗೆ?" ಎಂದರು ಸಮಿತಿಯ ಅಧ್ಯಕ್ಷರು.

"ಕುಂಕುಮ ಸಾರ್. ನಮ್ಮಮ್ಮ ಇಟ್ಟಿದ್ದು."

ಅಧ್ಯಕ್ಷರು ಕನ್ನಡಕ ಸರಿಪಡಿಸಿಕೊಂಡರು.

"ಸರಿ, ಅದಿರ್ಲಿ ಬಿಡಿ. ಈ ಪರಮಾಣು ಯಾಕ್ರೀ ಇಲ್ಲಿ? ಬಾವಿ ಎಲ್ಲಿ?"

ಹನ್ನೆರಡು ಹಾಳೆ ಮಗುಚಿದರೂ ಆ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಹುದ್ದೆ ಇನ್ನೊಬ್ಬರಿಗೆ ಹೋಯಿತೆಂದು ಸಂಜೆ ಕಚೇರಿಯ ಗುಮಾಸ್ತರು ತಿಳಿಸಿದರು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಲೇ ತಲೆಯೆತ್ತದೆ ಕೇಳಿದಳು: "ನಾನು ಬೊಟ್ಟಿಟ್ಟಿದ್ದು ತಪ್ಪಾಯ್ತೇನೋ?"

"ಇಲ್ಲಮ್ಮ. ಅವರು ಕೇಳಿದ್ರಲ್ಲಿ ಅದೊಂದಕ್ಕೇ ನನ್ನ ಹತ್ರ ಉತ್ತರ ಇದ್ದಿದ್ದು."

ನಾಳೆ ಇನ್ನೊಂದು ಸಂದರ್ಶನ. ಒದ್ದೆ ಬಟ್ಟೆಯಿಂದ ಪರಮಾಣುಗಳನ್ನೆಲ್ಲ ಒರೆಸಿ ಬಾವಿ, ಹಗ್ಗ, ಕೊಡ ಬರೆದಿದ್ದೇನೆ. ಮೊದಲ ಹಾಳೆಯ ಮೂಲೆಯಲ್ಲಿ ಮಾತ್ರ ಒಂದು ಬೆರಳಿನಷ್ಟು ಜಾಗ ಬಿಟ್ಟಿದ್ದೇನೆ.