ಶಾಲು ಹೊದಿಸುವ ದಿನ

ಮಿರ್ಲೆಯ ಪುಷ್ಪಾ ಹುಣಸೂರಿನ ಒಂದು ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕಿ. ಬೆಳಿಗ್ಗೆ ಕೆ.ಆರ್. ನಗರದಲ್ಲಿ ಬಸ್ಸು ಬದಲಿಸಿ ಬರುತ್ತಾರೆ, ಸಂಜೆ ಅದೇ ದಾರಿಯಲ್ಲಿ ಮರಳುತ್ತಾರೆ. ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಎಂಬ ಭಯ ಅವರಿಗೆ ಹಳೆಯ ಮಂಡಿನೋವಿನಂತೆ ಒಗ್ಗಿಹೋಗಿದೆ. ಈ ವರ್ಷದ ಭಯ ಮಾತ್ರ ಬೇರೆ. ಅದು ತನ್ನ ಕುರಿತದ್ದಲ್ಲ, ಸಂಘಮಿತ್ರ ಎಂಬ ವಿದ್ಯಾರ್ಥಿನಿಯ ಕುರಿತದ್ದು.

ಸಂಘಮಿತ್ರ ವೀರನಹೊಸಹಳ್ಳಿಯಿಂದ ಬರುವ ಹುಡುಗಿ. ಚಿಕ್ಕವಳಿದ್ದಾಗ ಮೈಸೂರಿನ ಡಾಕ್ಟರು ಆಟಿಸಂ ಎಂದಿದ್ದರು. ಊರಿನವರು ಗಾಳಿ ಎಂದಿದ್ದರು. ಕಾಲೇಜಿಗೆ ಬಂದ ಮೇಲೆ ಮೇಷ್ಟ್ರುಗಳು ಕೊಬ್ಬು ಎಂದರು. ಹಾಜರಿ ಕೂಗಿದಾಗ ಅವಳ ಗಂಟಲಿನಿಂದ ದನಿ ಹೊರಡುತ್ತಿರಲಿಲ್ಲ. ಎದುರಿಗೇ ಕೂತಿದ್ದರೂ ಗೈರುಹಾಜರಿ ಬೀಳುತ್ತಿತ್ತು. ಮೇಷ್ಟ್ರು ಬಂದಾಗ ಇಡೀ ತರಗತಿ ಬೆಂಚು ಎಳೆದುಕೊಂಡು ಎದ್ದು ನಿಂತರೆ ಅವಳು ಕಿವಿ ಮುಚ್ಚಿ ಬಗ್ಗಿಬಿಡುತ್ತಿದ್ದಳು. ಅಮ್ಮ ಚಿಕ್ಕಮಾದಮ್ಮ ಹೊಗೆಸೊಪ್ಪಿನ ಹೊಲದ ಕೂಲಿ ಬಿಟ್ಟು, ಸಂಜೆಯವರೆಗೆ ಗೇಟಿನ ಪಕ್ಕದಲ್ಲಿ ಕೂತಿರುತ್ತಿದ್ದರು.

ಪುಷ್ಪಾ ಮೊದಲು ಕೆಲವು ವಾರ ಸುಮ್ಮನೆ ನೋಡಿದರು. ಬಸ್ಸಿನಲ್ಲಿ ಕೂತು ಫೋನಿನಲ್ಲಿ ಸಿಕ್ಕಿದ್ದೆಲ್ಲ ಓದಿದರು. ಆಮೇಲೆ ಒಂದೊಂದೇ ಬದಲಿಸಿದರು. ಹಾಜರಿ ಕೂಗುವುದು ನಿಂತಿತು. ಮುಖ ನೋಡಿಯೇ ಹಾಕಿಕೊಂಡರು. ಏಳುವುದು ಬೇಡ ಎಂದರು. ಗುಂಯ್ ಎನ್ನುತ್ತಿದ್ದ ಟ್ಯೂಬ್‌ಲೈಟು ಬಿಚ್ಚಿಸಿದರು. ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಕಾದರು, ತರಗತಿಗೇ ಮುಜುಗರವಾಗುವಷ್ಟು ಕಾದರು. ಸೆಮಿನಾರನ್ನು ಬೇಕಾದವರು ನಿಂತು ಹೇಳಬಹುದು, ಬೇಡದವರು ಬರೆದುಕೊಡಬಹುದು, ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಬಹುದು. ಇದು ಒಬ್ಬಳಿಗಲ್ಲ, ಎಲ್ಲರಿಗೂ. ಉಗ್ಗುತ್ತಿದ್ದ ತೇಜಸ್ ಆ ವರ್ಷ ಮೊದಲ ಸಲ ಒಂದು ಇಡೀ ಸೆಮಿನಾರು ಮುಗಿಸಿದ. ಎರಡನೆಯ ವರ್ಷದ ಹೊತ್ತಿಗೆ ಅರ್ಥಶಾಸ್ತ್ರದಲ್ಲಿ ಸಂಘಮಿತ್ರಳಿಗೇ ಹೆಚ್ಚು ಅಂಕ. ಚಿಕ್ಕಮಾದಮ್ಮ ಮತ್ತೆ ಕೂಲಿಗೆ ಹೋಗತೊಡಗಿದರು.

ಕೇಡು ಬಂದದ್ದು ಪ್ರೀತಿಯ ದಾರಿಯಿಂದ.

ಕಾಲೇಜಿನ ಪರಿಶೀಲನೆಗೆ ಹೊರಗಿನಿಂದ ತಂಡ ಬರುವುದಿತ್ತು. ಪ್ರಾಂಶುಪಾಲ ಪ್ರಭುಸ್ವಾಮಿ ಪುಷ್ಪಾರನ್ನು ಕರೆಸಿದರು. ಒಳ್ಳೆಯ ಮನುಷ್ಯ, ಸಂಘಮಿತ್ರಳ ಅಂಕ ನೋಡಿ ಅವರ ಕಣ್ಣು ಒದ್ದೆಯಾಗಿತ್ತು.

"ಆ ಹುಡ್ಗಿಗೆ ವೇದಿಕೆ ಮೇಲೆ ಸನ್ಮಾನ ಮಾಡೋಣ ಮೇಡಂ. ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಬಂದೋರು ನೋಡ್ಲಿ, ನಾವು ಎಂಥೋರ್ನ ಬೆಳೆಸಿದೀವಿ ಅಂತ."

"ಸರ್, ಅವಳಿಗೆ ಗಲಾಟೆ ಆಗಲ್ಲ. ಮೈ ಮೇಲೆ ಯಾರಾದ್ರೂ ಕೈ ಹಾಕಿದ್ರೂ ಆಗಲ್ಲ. ಬೇಡ ಸರ್."

"ಒಂದೈದು ನಿಮಿಷ ಕಣ್ರೀ. ಅದೂ ಅಲ್ದೆ, ಬೇರೆ ಟಾಪರ್‌ಗಳಿಗೆಲ್ಲ ಮಾಡಿ, ಅವಳೊಬ್ಬಳಿಗೆ ಬೇಡ ಅಂದ್ರೆ ಜನ ಏನಂತಾರೆ? ಕೇರಿ ಹುಡ್ಗಿ ಅಂತ ಬಿಟ್ರು ಅನ್ನಲ್ವಾ?"

ಆ ಮಾತಿನಲ್ಲಿ ನಿಜವಿತ್ತು. ಹುಡುಗಿಯ ಅಮ್ಮನನ್ನೇ ಕೇಳೋಣವೆಂದು ಪುಷ್ಪಾ ಚಿಕ್ಕಮಾದಮ್ಮನಿಗೆ ಫೋನು ಮಾಡಿದರು.

"ನಮ್ಮ ವಂಸದಲ್ಲಿ ಯಾರ ಎಗಲ ಮ್ಯಾಲೂ ಒಂದು ಸಾಲು ಬಿದ್ದಿಲ್ಲ ಕಣವ್ವ," ಎಂದರು ಚಿಕ್ಕಮಾದಮ್ಮ. "ಬೀಳಾ ಒತ್ನಲ್ಲಿ ನೀವೇ ಬ್ಯಾಡ ಅಂತೀರಾ?"

ಸಂಘಮಿತ್ರ ಮಾತ್ರ ಪ್ರಶ್ನೆ ಕೇಳಿದಳು. ತರಗತಿ ಖಾಲಿಯಾದ ಮೇಲೆ, ಕಿಟಕಿ ನೋಡುತ್ತಾ.

"ಮೈಕ್ ಇರತ್ತಾ?"

"ನೀನು ವೇದಿಕೆ ಮೇಲಿರೋವಾಗ ಆರಿಸ್ತಾರೆ."

"ಚಪ್ಪಾಳೆ?"

"ಹೊಡೀಬೇಡಿ ಅಂತ ಹೇಳ್ತೀನಿ. ಸುಮ್ನೆ ಕೈ ಬೀಸ್ತಾರೆ."

"ತಮಟೆ?"

"ಇರಲ್ಲ."

"ಹಂಗಾದ್ರೆ ಬತ್ತೀನಿ" ಎಂದಳು.

ಸನ್ಮಾನದ ದಿನ ಬೆಳಿಗ್ಗೆ ಗಾಳಿ ಬೀಸಲಿಲ್ಲ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳ ವಾಸನೆ ಊರ ಮೇಲೆ ಹಾಗೇ ಕೂತಿತ್ತು. ಪುಷ್ಪಾ ಸಭಾಂಗಣದ ಹಿಂದಿನಿಂದ ಬಂದವರು ನಿಂತುಬಿಟ್ಟರು. ಗೋಡೆಯ ಮರೆಯಲ್ಲಿ ತರಗೆಲೆಗೆ ಬೆಂಕಿ ಹಚ್ಚಿ, ಹುಡುಗರು ತಮಟೆ ಕಾಯಿಸುತ್ತಿದ್ದರು. ಬಿಸಿಯಾದ ಚರ್ಮದ ಮೇಲೆ ಮಲ್ಲೇಶ್ ಎಂಬ ಅಂತಿಮ ವರ್ಷದ ಹುಡುಗ ಬೆರಳಾಡಿಸಿ ನೋಡುತ್ತಿದ್ದ. ಅವನೂ ವೀರನಹೊಸಹಳ್ಳಿಯವನೇ.

"ಇದು ಯಾಕೋ ಮಲ್ಲೇಶ್?"

"ಅತಿಥಿಗಳ ಸ್ವಾಗತಕ್ಕೆ ಮೇಡಂ, ಗೇಟಿಂದ ಬಾಗ್ಲಗಂಟ. ಪ್ರಿನ್ಸಿಪಾಲ್ ಸಾರೇ ಹೇಳವ್ರೆ."

"ಒಳಗೆ ಬರಬಾರದು. ಒಂದು ಏಟೂ ಕೂಡದು."

"ಇಲ್ಲ ಬುಡಿ ಮೇಡಂ, ನಂಗೊತ್ತಿಲ್ವಾ."

ಆಗಲೇ ಸಂಘಮಿತ್ರಳ ಕೈ ಹಿಡಿಯದೆ, ಪಕ್ಕದಲ್ಲಷ್ಟೇ ನಡೆದು ಹೊರಗೆ ಕರೆದೊಯ್ದಿದ್ದರೆ ಆಗುತ್ತಿತ್ತು. ಆದರೆ ಸಭಾಂಗಣದ ಮೊದಲ ಸಾಲಿನಲ್ಲಿ ಚಿಕ್ಕಮಾದಮ್ಮ ಇಸ್ತ್ರಿ ಹಾಕಿದ ಸೀರೆಯುಟ್ಟು ಕೂತಿದ್ದರು. ಪುಷ್ಪಾ ಅವರ ಮುಖ ನೋಡಿದರು. ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತರು.

ಸಂಘಮಿತ್ರಳ ಹೆಸರು ಹೇಳಿ ಮೈಕು ಆರಿಸಿದರು. ಅವಳು ಮೆಟ್ಟಿಲು ಹತ್ತಿದಳು. ಸಭೆ ಉಸಿರು ಹಿಡಿದು ಕೂತಿತ್ತು. ಹಿಂದಿನ ಸಾಲುಗಳಲ್ಲಿ ಕೈಗಳು ಸದ್ದಿಲ್ಲದೆ ಬೀಸುತ್ತಿದ್ದವು. ಶಾಲು ಹೆಗಲ ಮೇಲೆ ಬಿತ್ತು. ಅವಳ ಭುಜ ಕಲ್ಲಾಯಿತು, ಆದರೆ ನಿಂತಳು. ಪೇಟವನ್ನು ತಲೆಯ ಮೇಲಿಟ್ಟರು.

ಬಾಗಿಲಲ್ಲಿ ನೋಡುತ್ತಿದ್ದ ಮಲ್ಲೇಶನಿಗೆ ತಡೆಯಲಾಗಲಿಲ್ಲ. ತನ್ನೂರ ಹುಡುಗಿಯ ತಲೆಗೆ ಪೇಟ ಏರುವಾಗ ಕೊರಳಲ್ಲಿ ತಮಟೆ ಹಾಕಿಕೊಂಡು ಸುಮ್ಮನಿರುವುದು ಅವನ ಜೀವಕ್ಕೆ ತಿಳಿದಿರಲಿಲ್ಲ. ಅವನು ಒಂದೇಟು ಹೊಡೆದ. ಉಳಿದವರು ಅವನನ್ನು ಹಿಂಬಾಲಿಸಿದರು. ತಗಡಿನ ಮಾಡಿನ ಸಭಾಂಗಣ ಒಳಗಿನಿಂದಲೇ ಸಿಡಿದಂತಾಯಿತು. ಯಾರೋ ಶಿಳ್ಳೆ ಹಾಕಿದರು, ಯಾರೋ ಮೈಕಿನ ಗುಂಡಿ ಒತ್ತಿದರು.

ಸಂಘಮಿತ್ರ ವೇದಿಕೆಯ ಮೇಜಿನ ಕೆಳಗೆ ನುಸುಳಿ ಮುದುಡಿಕೊಂಡಳು. ತಲೆಯನ್ನು ಮೇಜಿನ ಕಾಲಿಗೆ ಬಡಿದುಕೊಳ್ಳತೊಡಗಿದಳು.

"ಪಿಟ್ಸು! ಕಬ್ಣ ಕೊಡ್ರಲಾ ಕೈಗೆ!" ಎಂದು ಯಾರೋ ಕೂಗಿದರು.

ಜನ ನುಗ್ಗಿದರು. ಹತ್ತಾರು ಕೈಗಳಲ್ಲಿ ಬೀಗದ ಕೀಗೊಂಚಲು, ಬೈಕಿನ ಕೀ. ಅವಳ ಮುಷ್ಟಿ ಬಿಡಿಸಿ ತುರುಕಲು ಎಲ್ಲರಿಗೂ ಆತುರ. ಅವಳು ಕಿರುಚಿದಷ್ಟೂ ಕನಿಕರದಿಂದ ಮತ್ತಷ್ಟು ಬಿಗಿಯಾಗಿ ಹಿಡಿದರು. ಚಿಕ್ಕಮಾದಮ್ಮ ಆ ಬೆನ್ನುಗಳ ಆಚೆ ಸಿಕ್ಕಿಕೊಂಡು ಮಗಳ ಹೆಸರು ಕೂಗುತ್ತಿದ್ದರು.

ಪುಷ್ಪಾ ಓಡಿಹೋಗಿ ಮೇನ್ ಸ್ವಿಚ್ ಇಳಿಸಿದರು. ಫ್ಯಾನು, ಮೈಕು, ದೀಪ ಎಲ್ಲ ಒಟ್ಟಿಗೆ ಸತ್ತವು. ತಮಟೆ ತಡವರಿಸಿ ನಿಂತಿತು.

"ಕೈ ತೆಗೀರಿ! ಎಲ್ಲಾರೂ ಆಚೆ ನಡೀರಿ!"

ಆ ದನಿಯನ್ನು ಅವರ ಬಾಯಲ್ಲಿ ಯಾರೂ ಕೇಳಿರಲಿಲ್ಲ. ಜನ ಹೊರಟರು. ಪ್ರಭುಸ್ವಾಮಿಯವರು ನೆಲದ ಮೇಲೆ ಬಿದ್ದಿದ್ದ ಪೇಟವನ್ನು ಎತ್ತಿಕೊಂಡು, ಏನು ಮಾಡಬೇಕೆಂದು ತಿಳಿಯದೆ ಎದೆಗೊತ್ತಿಕೊಂಡು ನಿಂತಿದ್ದರು.

ಮುಂದಿನ ವಾರವೆಲ್ಲ ಸಂಘಮಿತ್ರ ಕಾಲೇಜಿಗೆ ಬರಲಿಲ್ಲ. ಭಾನುವಾರ ಪುಷ್ಪಾ ವೀರನಹೊಸಹಳ್ಳಿಗೆ ಹೋದರು. ಜಗುಲಿಯ ಮೇಲೆ ಚಿಕ್ಕಮಾದಮ್ಮ ಮಂಡಿಗೆ ಮುಖ ಕೊಟ್ಟು ಕೂತಿದ್ದರು.

"ನಾನೇ ಅಲ್ವಾ ಆಸೆ ಪಟ್ಟಿದ್ದು. ನಿಮ್ದೇನೈತೆ ಬುಡಿ ಮೇಡಮ್ಮೋರೆ."

ಒಳಗಿನ ಕೋಣೆಯ ಬಾಗಿಲು ಒಂದು ಅಂಗೈಯಷ್ಟು ತೆರೆದಿತ್ತು. ಅಲ್ಲಿಂದ ದನಿ ಬಂತು.

"ತಮಟೆ ಇರಲ್ಲ ಅಂದ್ರಿ."

"ಅಂದೆ."

"ಇತ್ತು."

"ಇತ್ತು, ಸಂಘಮಿತ್ರ. ನನ್ನ ಕೈಲಿ ಇಲ್ಲದ್ದಕ್ಕೆ ಮಾತು ಕೊಟ್ಟುಬಿಟ್ಟೆ."

ಬಾಗಿಲ ಸಂದಿನಲ್ಲಿ ನಾಲ್ಕು ಬೆರಳು ಕಾಣಿಸಿಕೊಂಡವು. ಆಮೇಲೆ:

"ಸೋಮವಾರ ಬಂದ್ರೆ ಏನೇನಿರತ್ತೆ?"

ಪುಷ್ಪಾ ಮುಂದಕ್ಕೆ ಬಾಗಿದರು. "ನನ್ನ ತರಗತಿ ಮೊದಲಿನ ಹಾಗೇ ಇರತ್ತೆ. ಅದಕ್ಕೆ ನಾನಿದೀನಿ."

"ಗೇಟಿಂದ ತರಗತಿಗಂಟ?"

ಕಾಲೇಜಿನ ಅಂಗಳ ಪುಷ್ಪಾರ ಕಣ್ಣ ಮುಂದೆ ಬಂತು. ಬೈಕುಗಳ ಹಾರ್ನು. ಆ ದಿನದ್ದನ್ನು ಯಾರೋ ಫೋನಿನಲ್ಲಿ ಹಿಡಿದು ಹಂಚಿದ್ದ ವಿಡಿಯೋ ನೋಡಿದ ಹುಡುಗರು. ಪಾಪ ಎನ್ನುತ್ತಾ ಭುಜ ತಟ್ಟಲು ಬರುವ ಕೈಗಳು. ಬೇರೆ ಮೇಷ್ಟ್ರುಗಳ ಬೇರೆ ಕೋಣೆಗಳು, ಅಲ್ಲಿ ಇಂದಿಗೂ ಹಾಜರಿ ಕೂಗುವ ಗಂಟಲುಗಳು. ಇರಲ್ಲ ಎನ್ನುವುದು ಎಷ್ಟು ಸುಲಭವಾಗಿತ್ತು.

"ಅಲ್ಲಿಯದು ನನಗೆ ಗೊತ್ತಿಲ್ಲ" ಎಂದರು.

ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಒಳಗಿನಿಂದ ಚಿಲಕ ಬಿತ್ತು.