ಸಣ್ಣ ವಾಚಿನ ಗವಿಸಿದ್ದಪ್ಪ

ಬೆಳಗಿನ ಐದೂವರೆ. ಬೆಟಗೇರಿಯ ಓಣಿಯೊಂದರಲ್ಲಿ ಅರ್ಧ ಎತ್ತಿದ ಶಟರ್ ಹಿಂದೆ ಗವಿಸಿದ್ದಪ್ಪ ಕೂತಿದ್ದಾರೆ. ಬಲಗಣ್ಣಿಗೆ ಭೂತಗನ್ನಡಿ, ಕೈಯಲ್ಲಿ ಚಿಮಟ. ಬಿಳಿ ಕಾಗದದ ಮೇಲೆ ಹೆಂಗಸರ ಕೈಗಡಿಯಾರದ ಯಂತ್ರವೊಂದು ಬಿಚ್ಚಿಕೊಂಡಿದೆ. ಇಡೀ ಯಂತ್ರವೇ ಹುಣಸೆಬೀಜದಷ್ಟು, ಅದರ ಸ್ಕ್ರೂ ಗಸಗಸೆ ಕಾಳಿನಷ್ಟು. ಸ್ಕ್ರೂ ಕೂರಿಸುವಾಗ ಅವರು ಉಸಿರು ಬಿಗಿಹಿಡಿಯುತ್ತಾರೆ.

"ಏಳಕ್ಕ ಬಾಜೂ ಮನ್ಯಾಗ ಮಗ್ಗ ಚಾಲೂ ಆಕ್ಕಾವ್ರಿ. ಟೇಬಲ್ ನಡುಗತೈತಿ, ಸ್ಕ್ರೂ ಜಿಗದ ಹೋಗತಾವು. ನನ್ನ ಕೆಲಸ ಏನಿದ್ರೂ ಅದರೊಳಗ."

ಅವರಿಗೀಗ ಎಪ್ಪತ್ತು. ಹದಿನೇಳನೇ ವಯಸ್ಸಿಗೆ ಸೋದರಮಾವನ ಬಳಿ ಕೆಲಸ ಕಲಿತರು. ದೊಡ್ಡ ವಾಚು ಎಲ್ಲರೂ ಬಿಚ್ಚುತ್ತಿದ್ದರು. ಚಾವಿ ಕೊಡುವ ಲೇಡೀಸ್ ವಾಚು ಮಾತ್ರ ಶಿರಹಟ್ಟಿ, ಮುಂಡರಗಿಯಿಂದಲೂ ಇವರನ್ನೇ ಹುಡುಕಿಕೊಂಡು ಬರುತ್ತಿತ್ತು. ಆಗ ದಿನಕ್ಕೆ ಹತ್ತು ಹನ್ನೆರಡು, ಈಗ ತಿಂಗಳಿಗೆ ಎರಡು ಬಂದರೆ ಹೆಚ್ಚು. ಉಳಿದ ಹೊತ್ತು ಸೆಲ್ ಬದಲಿಸುವುದು, ಬೆಲ್ಟ್ ಹಾಕುವುದು.

ಕಾಲ ಬದಲಾಯಿತು ಎಂದು ಅವರು ಯಾರನ್ನೂ ದೂರುವುದಿಲ್ಲ. "ಆ ವಾಚ್ ಹಾಳ ಮಾಡಿದಾಂವ ನಾನ ಅದೀನ್ರಿ" ಎನ್ನುತ್ತಾರೆ.

ಸೆಲ್ಲಿನ ಯಂತ್ರಗಳು ಅಗ್ಗವಾಗಿ ಬಂದ ಕಾಲದಲ್ಲಿ ಕೆಟ್ಟ ವಾಚು ರಿಪೇರಿ ಮಾಡಲು ಎರಡು ದಿನ ಬೇಕಿತ್ತು, ಯಂತ್ರವನ್ನೇ ಕಿತ್ತು ಸೆಲ್ಲಿನದು ಕೂರಿಸಲು ಹದಿನೈದು ನಿಮಿಷ. ಅವರು ಹಾಗೆ ಬದಲಿಸಿದ ವಾಚುಗಳು ಎರಡು ಸಾವಿರ ದಾಟುತ್ತವೆ. ಕಿತ್ತದ್ದೆಲ್ಲ ಡಬ್ಬಿ ತುಂಬಿದಾಗ ಗುಜರಿಗೆ ಹೋಗುತ್ತಿತ್ತು.

ಹನ್ನೆರಡು ವರ್ಷದ ಹಿಂದೆ ಹಿರೇವಡ್ಡಟ್ಟಿಯ ಸಾವಿತ್ರೆವ್ವ ಬಂದರು. ಊರೂರು ತಿರುಗಿ ಹೆರಿಗೆ ಮಾಡಿಸಿ ನಿವೃತ್ತರಾದ ನರ್ಸ್. ಮೊದಲ ಪಗಾರದಲ್ಲಿ ಕೊಂಡ ವಾಚು ನಿಂತುಹೋಗಿತ್ತು. ಮದುವೆಗಳ ಸೀಸನ್, ಅಂಗಡಿ ತುಂಬ ಜನ. ಗವಿಸಿದ್ದಪ್ಪ ಕೇಳದೆಯೇ ಯಂತ್ರ ಬದಲಿಸಿ ಕೊಟ್ಟರು. ವಾರದ ಮೇಲೆ ಆಕೆ ತಿರುಗಿ ಬಂದರು.

"ವಾಚ್ ನಡ್ಯಾಕತ್ತೈತಿ, ಸಪ್ಪಳ ಎಲ್ಲಿ ಹೋತು?"

"ಇನ್ನ ಚಾವಿ ಕೊಡೋ ತ್ರಾಸ ಇಲ್ಲ ಬಿಡ್ರಿ ನರ್ಸ್ ಬಾಯಾರ" ಎಂದು ಇವರು ನಕ್ಕರು.

"ಹೆರಿಗಿ ಕಾಯಕೋತ ಕುಂತಾಗ ಅದೊಂದ ಸಪ್ಪಳ ನನ್ನ ಜೋಡಿ ಇರ್ತಿತ್ತಪಾ. ಹಳೇದು ಹೊಳ್ಳಿ ಹಾಕಿಕೊಡು."

ಡಬ್ಬಿ ಹಿಂದಿನ ದಿನವಷ್ಟೇ ಗುಜರಿಗೆ ಹೋಗಿತ್ತು. ಗದಗಿನ ಗುಜರಿ ಅಂಗಡಿಗೆ ಓಡಿದರು. ಮಾಲು ಆಗಲೇ ಲಾರಿ ಹತ್ತಿತ್ತು. ಸಾವಿತ್ರೆವ್ವ ಜಗಳ ಆಡಲಿಲ್ಲ. ವಾಚನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದರು. "ಬೈದಿದ್ರ ಮರ್ತ ಬಿಡ್ತಿದ್ನೇನೋ" ಎನ್ನುವಾಗ ಗವಿಸಿದ್ದಪ್ಪ ಭೂತಗನ್ನಡಿ ತೆಗೆದು ಕಣ್ಣು ಒರೆಸಿಕೊಳ್ಳುತ್ತಾರೆ.

ಅಂದಿನಿಂದ ಅಂಥದೇ ಯಂತ್ರಕ್ಕಾಗಿ ಅವರು ತಿರುಗದ ಊರಿಲ್ಲ. ಹೋದ ವರ್ಷ ಲಕ್ಷ್ಮೇಶ್ವರದಲ್ಲಿ, ಮುಚ್ಚಿದ ವಾಚಿನ ಅಂಗಡಿಯೊಂದರ ಮಾಲೀಕನ ಹೆಂಡತಿ ರೋಶನಬಿ, ತೀರಿಹೋದ ಗಂಡನ ಡಬ್ಬಿಯನ್ನೇ ತಂದಿಟ್ಟರು. "ನಮ್ಮವರ ಕೈ ಮುಟ್ಟಿದ್ದು. ನಡಸಾಂವಗ ಸೇರ್ಲಿ, ಒಯ್ಯಿರಿ." ಅದರಲ್ಲಿದ್ದ ಹಳೆ ಯಂತ್ರಗಳ ನಡುವೆ ಸಾವಿತ್ರೆವ್ವನ ವಾಚಿನ ಕಂಪನಿಯವು ಎರಡಿದ್ದವು, ಎರಡೂ ಕೆಟ್ಟವು. ಮೂರು ತಿಂಗಳ ಮುಂಜಾವುಗಳಲ್ಲಿ ಎರಡನ್ನು ಸೇರಿಸಿ ಒಂದು ಮಾಡಿದರು.

ಬಸ್ಸು ಹಿಡಿದು ಹಿರೇವಡ್ಡಟ್ಟಿಗೆ ಹೋದರು. ಸೆಲ್ ಮುಗಿದು ವರ್ಷಗಳಾಗಿದ್ದ ವಾಚು ಸಾವಿತ್ರೆವ್ವನ ಟ್ರಂಕಿನಲ್ಲಿ ಹಾಗೇ ಇತ್ತು. ಅವರ ಕಟ್ಟೆಯ ಮೇಲೆಯೇ ಕೂತು ಯಂತ್ರ ಕೂರಿಸಿ, ಚಾವಿ ಕೊಟ್ಟು, ಕೈಗಿಟ್ಟರು. ಆಕೆ ಬಹಳ ಹೊತ್ತು ಕಿವಿಗೆ ಹಿಡಿದುಕೊಂಡರು.

"ನನ್ನ ವಾಚಿನ ಸಪ್ಪಳ ಇದಲ್ಲ ಗವಿಸಿದ್ದಪ್ಪ" ಎಂದರು. ಆಮೇಲೆ ಅದನ್ನು ಕೈಗೆ ಕಟ್ಟಿಕೊಂಡು ಚಹಾ ಇಡಲು ಒಳಗೆ ಹೋದರು.

ಆ ಮಾತು ಖರೆ ಎನ್ನುತ್ತಾರೆ ಗವಿಸಿದ್ದಪ್ಪ. ಊರಿಗೆ ಬಂದವರೇ ಅಂಗಡಿ ಮುಂದೆ ರಟ್ಟಿನ ಬೋರ್ಡು ತೂಗುಹಾಕಿದ್ದಾರೆ: ಇಲ್ಲಿ ಸೆಲ್ಲಿನ ಯಂತ್ರ ಹಾಕಿಸಿದ ಹಳೆ ಲೇಡೀಸ್ ವಾಚುಗಳಿಗೆ ಚಾವಿಯ ಯಂತ್ರ ಹಾಕಿಕೊಡಲಾಗುವುದು. ವರ್ಷದಲ್ಲಿ ಬಂದವರು ಮೂವರು.

ಪಕ್ಕದ ಮನೆಯಲ್ಲಿ ಮಗ್ಗ ಶುರುವಾಗುತ್ತದೆ. ಬಿಚ್ಚಿದ ಯಂತ್ರದ ಮೇಲೆ ಗಾಜಿನ ಲೋಟ ಬೋರಲು ಹಾಕಿ ಅವರು ಏಳುತ್ತಾರೆ.

"ನನ್ನ ಹೊಗಳಿ ಬರೀಬ್ಯಾಡ್ರಿ. ಬೆಟಗೇರಿ ಗವಿಸಿದ್ದಪ್ಪ ತಪ್ಪ ಮಾಡ್ಯಾನ, ಅಂವನ ಕಣ್ಣ ಮಂಜ ಆಗೂದರೊಳಗ ವಾಚ್ ತೊಗೊಂಡ ಜಲ್ದಿ ಬರ್ರಿ ಅಂತ, ಅಷ್ಟ ಬರೀರಿ."